ಮಾತುಕತೆಗೆ ಹೆದರಿದ ನೆಟ್‌ವರ್ಕ್ ಕಾರ್ಡು

ಯುನಿಕ್ಸ್ ಯಂತ್ರದ ಹೊಸ ನೆಟ್‌ವರ್ಕ್ ಕಾರ್ಡು ತನ್ನನ್ನು ನಡೆಸುವ ತಂತ್ರಾಂಶವಾದ ಡ್ರೈವರಿಗೆ ಪಿಸುಗುಟ್ಟಿತು: "ಅಣ್ಣ, ಕೇಬಲ್ಲಿನ ಆಚೆ ಸಂದೇಶ ಹಂಚುವ ಸ್ವಿಚ್ಚನ್ನು ಕಂಡರೆ ನನಗೆ ಭಯ. ಕ್ರಮ ಗೊತ್ತುಮಾಡಲು ಅದರೊಡನೆ ಮಾತುಕತೆ ಬೇಡ. ಹೇಳುತ್ತಲೇ ಕೇಳಿಸಿಕೊಳ್ಳುವ ಕ್ರಮವನ್ನು ನೀನೇ ಕಾಯಂ ಮಾಡು. ಸಂದೇಶ ಒಡೆದರೆ ನನ್ನನ್ನು ಕಿತ್ತು ಬಿಸಾಡುತ್ತಾರೆ."

ಡ್ರೈವರ್ ಹಾಗೆಯೇ ಮಾಡಿತು.

"ಯಾವ ಕ್ರಮದಲ್ಲಿ ಮಾತಾಡೋಣ?" ಎಂದು ಸ್ವಿಚ್ಚು ಕೇಳಿತು. ಉತ್ತರ ಬರಲಿಲ್ಲ. ಸ್ವಿಚ್ಚಿಗೂ ಅಳುಕು ಹುಟ್ಟಿತು. "ಬಾಯಿ ಬಿಡದವರ ಜೊತೆ ಜಾಗ್ರತೆ. ಒಬ್ಬರು ಹೇಳುವಾಗ ಇನ್ನೊಬ್ಬರು ಸುಮ್ಮನಿರುವ ಹಳೆಯ ಕ್ರಮವೇ ವಾಸಿ" ಎಂದುಕೊಂಡಿತು.

ಸ್ವಿಚ್ಚು ಹೇಳುತ್ತಿದ್ದಾಗಲೇ ಕಾರ್ಡೂ ಹೇಳಿತು. ಸ್ವಿಚ್ಚು ಬೆಚ್ಚಿ ನಡುವೆಯೇ ನಿಲ್ಲಿಸಿತು. ಸಂದೇಶಗಳು ಒಡೆದುಹೋದವು.

"ನೋಡಿದೆಯಾ, ಅದು ದುಷ್ಟ" ಎಂದು ಕಾರ್ಡು ಡ್ರೈವರಿಗೆ ದೂರಿತು.

"ಒಂದು ಸಲ ಮಾತಾಡಿಸಿ ನೋಡಲೇ?" ಎಂದು ಡ್ರೈವರ್ ಕೇಳಿತು.

"ಬೇಡಪ್ಪ, ಇನ್ನೂ ಕೆರಳೀತು" ಎನ್ನುವಷ್ಟರಲ್ಲಿ, ಯಂತ್ರ ನೋಡಿಕೊಳ್ಳುವವನ ಕೈಯಲ್ಲಿ ಕಾರ್ಡಿನ ಸ್ಕ್ರೂ ಸಡಿಲವಾಗತೊಡಗಿತು.