ಬಂಡೆ ಇಟ್ಟುಕೊಂಡ ಹೆಸರು

ಸೆಪ್ಟೆಂಬರ್ ಹನ್ನೆರಡು, ಗುರುವಾರ. ಬಿಸಿಲಿತ್ತು. ಸದಾ ಗಾಳಿ ಬೀಸುವ ಆ ಪರದೇಶದ ಹುಲ್ಲುಬಯಲಿನಲ್ಲಿ ಅಂದು ಗಾಳಿ ಇರಲಿಲ್ಲ.

ಮುಂಡಗೋಡಿನ ಟಿಬೆಟನ್ ಕ್ಯಾಂಪಿನ ವೃದ್ಧ ಭಿಕ್ಷು ಲೋಡೆನ್ ವರ್ಷಕ್ಕೊಮ್ಮೆ ಅಷ್ಟು ದೂರ ಹೋಗುತ್ತಿದ್ದರು. ಅಲ್ಲೊಂದು ಹಳೆಯ ಬಂಡೆ ಇದೆ ಎಂದಷ್ಟೇ ಹೇಳಿದ್ದರು, ಏಕೆ ಹೋಗುವುದೆಂದು ಯಾರಿಗೂ ಹೇಳಿರಲಿಲ್ಲ. ಈ ಸಲ ಶಿಷ್ಯ ಮೌನೇಶಾಚಾರಿ ತಾನೂ ಬರುತ್ತೇನೆಂದು ಹಟ ಹಿಡಿದಿದ್ದ.

ಇಬ್ಬರೂ ಬಂಡೆಯ ಮುಂದೆ ನಿಂತರು. ಹಿಂದೆ ನದಿ. ಸುತ್ತ ಹುಲ್ಲು, ಒಂದೂ ಮರವಿಲ್ಲ.

ಬಂಡೆಯಲ್ಲಿ ಕೆತ್ತಿದ ಮೂವರು ಬುದ್ಧರು ಕೂತಿದ್ದರು. ಗೆರೆಗಳು ಸವೆದು ಮುಖಗಳು ಮಾಸಿದ್ದವು. ಅವರ ಪಾದದ ಕೆಳಗೆ ಬೇರೆ ಬೇರೆ ಲಿಪಿಯ ಸಾಲುಗಳು.

ಮೌನೇಶ ಅಡಿಗಲ್ಲು, ಸಮಾಧಿಕಲ್ಲುಗಳಿಗೆ ಅಕ್ಷರ ಕೆತ್ತಿ ಬದುಕಿದವನು. ಅವನ ಕಣ್ಣು ಅಕ್ಷರಗಳ ಮೇಲೇ ಹೋಯಿತು.

"ಇವೆಲ್ಲ ಏನು, ಗುರುಗಳೇ?"

"ಹೆಸರುಗಳು. ದಾರಿಹೋಕರು ಕೆತ್ತಿದ್ದು."

"ಬುದ್ಧರೇ ಸವೆದಿದ್ದಾರೆ. ಹೆಸರುಗಳು ನಿನ್ನೆ ಕೆತ್ತಿದ ಹಾಗಿವೆ."



ದೂರದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕಿಯೊಬ್ಬಳು ತನ್ನ ಮಗನನ್ನು ಕೂಗಿದಳು. ಗುರುಗಳು ನಕ್ಕರು.

"'ಏ ಟೋಪಿ' ಅಂತ ಕರೀತಿದ್ದಾಳೆ. ಈ ಬಂಡೆ ಕಾಣುವಷ್ಟು ದೂರ ಇಲ್ಲಿಯವರು ಯಾರ ಹೆಸರನ್ನೂ ಬಾಯಿಗೆ ತರುವುದಿಲ್ಲ."

"ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಇವರು ಅವರನ್ನೂ ಮೀರಿಸಿದರು."

"ನಾನೂ ಇನ್ನು ನಿನ್ನ ಹೆಸರು ಹೇಳುವುದಿಲ್ಲ. ಏ ಉಳಿ, ಆ ಚೀಲ ಕೆಳಗಿಡು."

ಮೌನೇಶನ ಮುಖ ಬಿಳಿಚಿತು. ಚೀಲದಲ್ಲಿ ಉಳಿ ಇದೆಯೆಂದು ಅವನು ಹೇಳಿರಲಿಲ್ಲ.

"ಯಾರಿಗಾಗಿ ತಂದೆ?"

"ಮಗಳಿಗೆ."

ಒಂಬತ್ತು ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡ ಮಗಳು. ಪ್ರತಿ ಸಂಜೆ ದೀಪ ಹಚ್ಚುವಾಗ ಮೌನೇಶ ಅವಳ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳುತ್ತಿದ್ದ. ಪಕ್ಕದ ಕೋಣೆಯ ಗುರುಗಳಿಗೆ ಅದು ದಿನಾ ಕೇಳಿಸುತ್ತಿತ್ತು.

"ಅವಳಮ್ಮನೂ ಹೋದಳು. ಆ ಹೆಸರು ಹೇಳುವವನು ಈಗ ನಾನೊಬ್ಬನೇ. ನನ್ನ ನಂತರ ಯಾರು? ಊರಲ್ಲಿ ನಾನು ಕೆತ್ತಿದ್ದೆಲ್ಲ ನನ್ನ ಕಣ್ಣೆದುರೇ ಮಾಸುತ್ತಿದೆ. ಮಾಸದ ಕಲ್ಲು ಬೇಕಿತ್ತು."

"ಕೆತ್ತಬೇಡ."

"ಯಾಕೆ?"

"ಈ ಬಂಡೆ ಇಟ್ಟುಕೊಳ್ಳುತ್ತದೆ."

"ಇಟ್ಟುಕೊಳ್ಳಲಿ ಎಂದೇ ಬಂದಿದ್ದೇನೆ. ಅದಕ್ಕೆ ಏನು ಕೊಡಬೇಕೋ ಕೊಡುತ್ತೇನೆ."

 ಗುರುಗಳು ತಂಬಿಗೆ ಹಿಡಿದು ನದಿಗೆ ಹೋದರು.

ಮೌನೇಶ ಉಳಿ ತೆಗೆದ. ಕಲ್ಲು ಎದುರಾಡಲಿಲ್ಲ. ಉಳಿ ತಾಗಿದಲ್ಲೆಲ್ಲ ದಾರಿ ಬಿಟ್ಟಿತು. ಸುತ್ತಿಗೆ ಎಷ್ಟು ಬಿದ್ದರೂ ಸದ್ದೇ ಆಗಲಿಲ್ಲ.

ಗುರುಗಳು ನೀರು ತಂದರು.

"ಪೂರ್ತಿ ಆಯಿತೇ?"

"ಆಯಿತು. ಒತ್ತಕ್ಷರ ಎಷ್ಟು ಚೆನ್ನಾಗಿ ಬಂದಿದೆ ನೋಡಿ."

ಗುರುಗಳು ನೋಡಲಿಲ್ಲ. ಅವನ ಕೈಗಳನ್ನು ಹಿಡಿದು ಕಲ್ಲಿನ ಪುಡಿಯನ್ನು ತೊಳೆದರು, ಮಗುವಿಗೆ ತೊಳೆಯುವ ಹಾಗೆ.

ಸಂಜೆ ನದಿಯ ಪಕ್ಕ ಡೇರೆ ಹಾಕಿದರು. ಮೌನೇಶ ದೀಪ ಹಚ್ಚಿದ. ಬಾಯಿ ತೆರೆದ.

ಬಾಯಿ ತೆರೆದೇ ಇತ್ತು.

"ಗುರುಗಳೇ, ಅವಳ ಹೆಸರು?"

ಗುರುಗಳು ದೀಪದ ಬತ್ತಿ ಸರಿಮಾಡಿದರು.

"ನೀವು ದಿನಾ ಕೇಳಿದ್ದೀರಿ."

"ಕೇಳಿದ್ದೆ."

"ಹಾಗಾದರೆ ಹೇಳಿ."

"ನಿನ್ನ ದನಿ ನೆನಪಿದೆ. ಅದು ಹೇಳುತ್ತಿದ್ದುದು ನೆನಪಿಲ್ಲ."

ಮೌನೇಶ ದೀಪ ಹಿಡಿದು ಬಂಡೆಗೆ ಓಡಿದ. ಮಗಳ ಮುಖ ಕಣ್ಣ ಮುಂದಿತ್ತು. ಎರಡು ಜಡೆ, ಬಿದ್ದುಹೋದ ಮುಂದಿನ ಹಲ್ಲು, ಎಲ್ಲವೂ ಇತ್ತು. ಅವನು ಕೆತ್ತಿದ ಸಾಲೂ ಅಲ್ಲೇ ಇತ್ತು.

ಅದನ್ನು ಓದಲು ಅವನಿಗೆ ಬರಲಿಲ್ಲ.

ಬಂಡೆಯ ಬುಡದಲ್ಲೇ ಬಿಟ್ಟಿದ್ದ ಚೀಲವನ್ನು ದೀಪದ ಹತ್ತಿರ ಹಿಡಿದ. ಅದರ ಮೇಲೆ ಅಚ್ಚಾಗಿದ್ದ ಊರಿನ ಬಟ್ಟೆ ಅಂಗಡಿಯ ಹೆಸರನ್ನು ತಡವರಿಸದೆ ಓದಿದ. ಮತ್ತೆ ಬಂಡೆಯನ್ನು ನೋಡಿದ. ಅಲ್ಲಿ ಬರೀ ಗೀರುಗಳು.

ಗುರುಗಳು ನಿಧಾನವಾಗಿ ಬಂದು ಪಕ್ಕದಲ್ಲಿ ನಿಂತರು.

"ನೀವಾದರೂ ಓದಿ ಹೇಳಿ."

"ನನಗೆ ಕನ್ನಡ ಮಾತು ಬರುತ್ತದೆ. ಅಕ್ಷರ ಕಲಿಯಲಿಲ್ಲ."

"ಕೇಳಿದ್ದನ್ನು ಕೊಡುತ್ತೇನೆ ಅಂದಿದ್ದೆ. ಹೆಸರನ್ನೇ ಕೇಳುತ್ತದೆಂದು ಗೊತ್ತಿರಲಿಲ್ಲ." ಮೌನೇಶ ಕಲ್ಲಿಗೆ ಹಣೆ ಇಟ್ಟ. "ನಿಮಗೆ ಗೊತ್ತಿತ್ತು. ಹೇಗೆ ಗೊತ್ತಿತ್ತು?"

ಗುರುಗಳು ಅವನ ಕೈಯಿಂದ ದೀಪ ತೆಗೆದುಕೊಂಡು ಬಂಡೆಯ ಬುಡಕ್ಕೆ ಹಿಡಿದರು. ಅಲ್ಲಿ ಟಿಬೆಟನ್ ಲಿಪಿಯ ಒಂದು ಚಿಕ್ಕ ಸಾಲು. ಬೆರಳು ಆಡಿಸಿ ಆಡಿಸಿ ಅದರ ಸುತ್ತಲಿನ ಕಲ್ಲು ಕಪ್ಪಾಗಿ ಹೊಳೆಯುತ್ತಿತ್ತು.

"ಕೆತ್ತಿದ ಕೈ ನನ್ನದು," ಎಂದರು ಗುರುಗಳು. "ಯಾರ ಹೆಸರೆಂದು ನಿನಗೇನಾದರೂ ಓದಲು ಬರುತ್ತದೆಯೇ, ನೋಡು."