ಒಂದೇ ತೂತಿನ ಎರಡು ಗುಂಡು

"ಗುರುಗಳೇ, ಜನ ನನ್ನನ್ನು ಹೊಗಳುತ್ತಾರೆ. ಆ ಹೊಗಳಿಕೆ ನಿಜವೋ ಸುಳ್ಳೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಮರಿದೇವ ಕೇಳಿದ.

ಮರಿದೇವ ಆ ವರ್ಷವಷ್ಟೇ ಪ್ರವಚನ ಮಾಡಲು ತೊಡಗಿದ್ದ. ಕಂಠ ಚೆನ್ನಾಗಿತ್ತು. ಹಿಂದಿನ ದಿನ ಮಾತಿನ ನಡುವೆ ಅವನಿಗೆ ಎಳೆ ತಪ್ಪಿತ್ತು. ತಪ್ಪಿದ್ದನ್ನು ಹಾಡು ಹಾಡಿ ಮುಚ್ಚಿದ್ದ. ಆದರೂ ಕೇಳಿದವರು ಇಂಥ ಪ್ರವಚನವನ್ನು ಈ ಊರು ಕಂಡೇ ಇಲ್ಲ ಎಂದು ಅವನನ್ನು ಅಟ್ಟಕ್ಕೇರಿಸಿದ್ದರು. ಈ ಸಂಗತಿಯನ್ನು ಅವನು ಗುರುಗಳಿಗೆ ಹೇಳಲಿಲ್ಲ. ಪ್ರಶ್ನೆಯನ್ನು ಮಾತ್ರ ಕೇಳಿದ.

ಗುರುಗಳು ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಇದಕ್ಕೆ ನನ್ನ ಹತ್ತಿರ ಶಾಸ್ತ್ರವಿಲ್ಲ. ಒಂದು ಕತೆಯಿದೆ. ಚೆನ್ನಾಗಿಲ್ಲದ ಕತೆ. ಅರ್ಧಕ್ಕೆ ಎದ್ದು ಹೋಗುವುದಾದರೆ ಈಗಲೇ ಹೋಗು" ಎಂದರು.

ಮರಿದೇವ ಕುಳಿತ. ಗುರುಗಳು ಹೇಳತೊಡಗಿದರು.

ಬೆಟ್ಟದ ಸೀಮೆಯಲ್ಲಿ ಒಬ್ಬ ರೈತನಿದ್ದ. ಆ ಸೀಮೆಯಲ್ಲಿ ಮನೆಗೊಂದು ಕೋವಿ. ವರ್ಷಕ್ಕೊಮ್ಮೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಪೂಜೆಯಾದ ಮೇಲೆ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರೆ. ಕಾಯಿ ಒಡೆದವನ ಮನೆಗೆ ವರ್ಷವಿಡೀ ಮರ್ಯಾದೆ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ. ಯಾರಾದರೂ ಸತ್ತರೆ ಬೆನ್ನುಬೆನ್ನಿಗೆ ಎರಡು. ಎರಡು ಗುಂಡು ಕೇಳಿದರೆ ಸುತ್ತಲಿನವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಯ ಕಡೆ ಹೊರಡುತ್ತಾರೆ. ಈ ಮಾತನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಉಳಿದವರು ಅಂಗಡಿಯಿಂದ ತೋಟಾ ತರುತ್ತಿದ್ದರು. ಈ ರೈತನಿಗೆ ಅದು ಹಿಡಿಸದು. ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಗುಂಡನ್ನು ತಾನೇ ಎರೆಯುತ್ತಿದ್ದ. ಹಾರಿಸಿದ ಮೇಲೆ ಉಳಿದ ಖಾಲಿ ತೋಟಾಗಳನ್ನು ಆರಿಸಿ ತರುತ್ತಿದ್ದ. ಅವುಗಳ ಬುಡಕ್ಕೆ ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಒಳಗೆ ಸಿಡಿಮದ್ದು ಅಳೆದು ಹಾಕಿ, ಮೇಲೆ ತನ್ನ ಗುಂಡನ್ನು ಒತ್ತುತ್ತಿದ್ದ. ಕೆಲಸದಲ್ಲಿ ಮೋಸವಿರಲಿಲ್ಲ. ಗುಂಡಿನ ಮೈಮೇಲೆ ಒಂದು ಸುಕ್ಕು ಕಂಡರೂ ಅದನ್ನು ಮತ್ತೆ ಕರಗಿಸುತ್ತಿದ್ದ. ಆದರೆ ತನ್ನ ಗುಂಡಿನಷ್ಟು ನೇರ ಹೋಗುವ ಗುಂಡು ಈ ಸೀಮೆಯಲ್ಲೇ ಇಲ್ಲ ಎಂದು ಉಣ್ಣಲು ಕೂತಾಗಲೂ ಹೇಳುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು. ಎರೆದವನಿಗೆ ಗುಂಡು ಮುದ್ದು.

ನಗಬೇಡ. ನಿನಗೂ ನಿನ್ನ ಪ್ರವಚನ ಮುದ್ದೇ.

ಬಿಡುವಾದ ದಿನ ಅವನು ಮನೆಯ ಕೆಳಗಿನ ಬೀಳು ಗದ್ದೆಗೆ ಹೋಗುತ್ತಿದ್ದ. ಮಣ್ಣಿನ ದಿಬ್ಬಕ್ಕೆ ಒಂದು ಹಲಗೆ ಆನಿಸಿ, ಎರೆದ ಗುಂಡುಗಳನ್ನು ಹೊಡೆದು ನೋಡುತ್ತಿದ್ದ. ಯಾವುದು ಎಡಕ್ಕೆ ಹೋಯಿತು, ಯಾವುದು ಕೆಳಗೆ ಬಿತ್ತು ಎಂದು ಹಲಗೆಯ ಮುಂದೆ ನಿಂತು ಯೋಚಿಸುತ್ತಿದ್ದ. ಮನೆಗೆ ಬಂದಾಗ ಬಲಭುಜ ಕಪ್ಪಿಟ್ಟಿರುತ್ತಿತ್ತು. ಗುಂಡು ಮುಂದಕ್ಕೆ ಹೋದರೆ ಕೋವಿ ಹಿಂದಕ್ಕೆ ಒದೆಯುತ್ತದೆ. ಅವನ ತಾಯಿ ಎಣ್ಣೆ ಕಾಯಿಸಿ ಭುಜಕ್ಕೆ ತಿಕ್ಕುತ್ತ ಬೈಯುತ್ತಿದ್ದಳು. 'ಒದೆಯದ ಕೋವಿಗಿಂತ ಒನಕೆ ವಾಸಿ ಅವ್ವ' ಎಂದು ಅವನು ನಗುತ್ತಿದ್ದ.

ಅವನಿಗೊಬ್ಬ ತಮ್ಮ. ತಂದೆ ಸತ್ತಾಗ ಅದಿನ್ನೂ ಅಂಬೆಗಾಲಿನ ಕೂಸು. ಅಣ್ಣನೇ ಹೆಗಲ ಮೇಲೆ ಹೊತ್ತು ಬೆಳೆಸಿದ. ತಮ್ಮನೆಂದರೆ ಅವನಿಗೆ ಪ್ರಾಣ. ಈಗ ತಮ್ಮ ಮೀಸೆ ಬಂದ ಗಂಡಾಗಿದ್ದ. ರೈತನಿಗೆ ಮಾತ್ರ ಕಣ್ಣು ಮಂಜಾಗುತ್ತ ಬಂದಿತ್ತು. ಹತ್ತಿರದ ಹಲಗೆ ಕಾಣುತ್ತಿತ್ತು, ಮರದ ತುದಿಯ ಕಾಯಿ ಕಾಣುತ್ತಿರಲಿಲ್ಲ. ಆ ವರ್ಷದ ಹಬ್ಬದಲ್ಲಿ ತನ್ನ ಗುಂಡಿನಿಂದ ತಮ್ಮ ಕಾಯಿ ಒಡೆಯಬೇಕು ಎಂಬುದು ಅವನ ಆಸೆ. ಅದಕ್ಕಿಂತ ದೊಡ್ಡ ಆಸೆ ಅವನಿಗಿರಲಿಲ್ಲ.

ಅವನಿಗೊಬ್ಬ ಗೆಳೆಯನೂ ಇದ್ದ, ಏಲಕ್ಕಿ ವ್ಯಾಪಾರಿ. ಒಳ್ಳೆಯ ಮನುಷ್ಯ. ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲದವನು. ಹುಳಿಯಾದ ಮಜ್ಜಿಗೆ ಕೊಟ್ಟರೂ ಅಮೃತ ಎಂದು ಕುಡಿಯುವವನು. ಅಂಥವರನ್ನು ಎಲ್ಲರೂ ಮನೆಗೆ ಕರೆಯುತ್ತಾರೆ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ರೈತ ಜಗಲಿಯಲ್ಲಿ ಕುಳಿತು ತೋಟಾ ತುಂಬುತ್ತಿದ್ದ. ಕೇಪು ಕೂರಿಸಿದ ತೋಟಾಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ. ಒಂದೊಂದಕ್ಕೂ ಮದ್ದು ಹಾಕುತ್ತ ಬಂದಿದ್ದ. ಸಾಲು ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ವ್ಯಾಪಾರಿ ಬಂದ.

'ಕೆಳಗಿನ ಪೇಟೆಯಲ್ಲೂ ನಿನ್ನ ಗುಂಡಿನದೇ ಮಾತು ಮಾರಾಯ. ನಾಳೆ ಕಾಯಿ ನಿಮ್ಮ ಮನೆಗೇ ಅಂತ ಎಲ್ಲ ಹೇಳ್ತಿದ್ದಾರೆ' ಎಂದ.

ರೈತನ ಮುಖ ಅರಳಿತು. ಎದ್ದು ಒಳಗೆ ಕಾಫಿಗೆ ಹೇಳಿದ. ಪೇಟೆಯಲ್ಲಿ ಯಾರು ಏನೆಂದರು ಎಂದು ಕೇಳಿದ. ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದ. ಕಾಫಿ ಕುಡಿದು, ಅದೇ ಮಾತಾಡುತ್ತ, ಮತ್ತೆ ಕೆಲಸಕ್ಕೆ ಕುಳಿತ. ಸಾಲಿನಲ್ಲಿ ಮದ್ದು ಎಲ್ಲಿಯವರೆಗೆ ಹಾಕಿದ್ದೆ ಎಂದು ಬಗ್ಗಿ ನೋಡಲಿಲ್ಲ. ಒಂದು ತೋಟಾ ಮದ್ದಿಲ್ಲದೆ ಉಳಿಯಿತು. ಅದರ ಬಾಯಿಗೂ ಗುಂಡು ಒತ್ತಿ ಮುಚ್ಚಿದ.

ಗುರುಗಳು ಇಲ್ಲಿ ನಿಲ್ಲಿಸಿ ಕೇಳಿದರು. "ಮದ್ದಿಲ್ಲದ ತೋಟಾ ಹಾರಿಸಿದರೆ ಏನಾಗುತ್ತದೆ?"

"ಏನೂ ಆಗುವುದಿಲ್ಲ" ಎಂದ ಮರಿದೇವ.

"ಏನೂ ಆಗದಿದ್ದರೆ ಚೆನ್ನಾಗಿತ್ತು. ಕೇಪಿಗೂ ಒಂದಿಷ್ಟು ಕಸುವಿದೆ. ಗುಂಡನ್ನು ಹೊರಡಿಸುತ್ತದೆ, ಹೊರಗೆ ಮುಟ್ಟಿಸುವುದಿಲ್ಲ. ಗುಂಡು ನಳಿಗೆಯ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ಎರಡನೆಯದಕ್ಕೆ ದಾರಿ ಇರುವುದಿಲ್ಲ. ಕೋವಿಯೇ ಒಡೆಯುತ್ತದೆ. ಇದು ಆ ಸೀಮೆಯ ಮಕ್ಕಳಿಗೂ ಗೊತ್ತು. ಅದಕ್ಕೇ ಅಲ್ಲೊಂದು ಕಟ್ಟಳೆಯಿದೆ. ಅನುಮಾನ ಬಂದರೆ ಕೋವಿಯನ್ನು ಹಿಡಿಯ ಹತ್ತಿರ ಮಡಚಿ ತೆರೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದು, ಆಚೆಯ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು. ಬೆಳಕು ಕಂಡರೆ ದಾರಿ ಇದೆ. ನೋಡಲು ಒಂದು ಉಸಿರಿನ ಹೊತ್ತು ಸಾಕು."

ರೈತ ತಮ್ಮನನ್ನೂ ಕರೆದ, ಮೂವರೂ ಬೀಳು ಗದ್ದೆಗೆ ಹೋದರು. ವ್ಯಾಪಾರಿ ದಿಬ್ಬದ ಮಗ್ಗುಲಲ್ಲಿ ಮರೆಯಾಗಿ ಕುಳಿತ. ಅವನಿಗೆ ಕೋವಿಯ ಸದ್ದೆಂದರೆ ಆಗದು. ಎರಡೂ ಕಿವಿಗೆ ಬೆರಳು ತುರುಕಿಕೊಂಡು, ತಲೆ ತಗ್ಗಿಸಿ ಕುಳಿತು, ಆಗಾಗ ಇಣುಕುತ್ತಿದ್ದ. ರೈತ ಹೊಡೆದು ಕೋವಿ ಇಳಿಸಿ ಕೈ ಬೀಸಬೇಕು. ಆಮೇಲೆ ಇವನು ಎದ್ದು ಹಲಗೆ ನೋಡಿ, ಎಲ್ಲಿ ಬಿತ್ತೆಂದು ಕೂಗಬೇಕು. ಅವರ ರೂಢಿ ಹಾಗೆ.

ರೈತ ಮೊದಲ ಗುಂಡು ಹೊಡೆದ. ಬೆಟ್ಟ ಮರುದನಿ ಕೊಟ್ಟಿತು. 'ನಟ್ಟನಡುವೆ!' ಎಂದು ವ್ಯಾಪಾರಿ ಕೂಗಿದ. ಅದು ನಿಜವೇ ಆಗಿತ್ತು.

ರೈತ ಎರಡನೆಯದನ್ನು ಹೊಡೆದ. ಒಣಕಡ್ಡಿ ಮುರಿದಷ್ಟು ಸದ್ದಾಯಿತು. ಬೆಟ್ಟ ಸುಮ್ಮನಿತ್ತು.

ಪಕ್ಕದಲ್ಲಿ ನಿಂತಿದ್ದ ತಮ್ಮ, 'ಅಣ್ಣ, ಸದ್ದು ಯಾಕೋ ಸಣ್ಣಗಾಯ್ತಲ್ಲ?' ಎಂದ.

ರೈತ ದಿಬ್ಬದ ಕಡೆ ಕೈ ಬೀಸಿದ. ಕೋವಿಯನ್ನು ಮಡಚಿ ಖಾಲಿ ತೋಟಾ ತೆಗೆದ. ನಳಿಗೆಯನ್ನು ಆಕಾಶದ ಕಡೆ ಎತ್ತಲು ತೊಡಗಿದ.

ಅತ್ತ ವ್ಯಾಪಾರಿ ಹಲಗೆಯ ಮುಂದೆ ನಿಂತಿದ್ದ. ಹಲಗೆಯಲ್ಲಿ ಒಂದೇ ತೂತು. ಗುಂಡು ದಿಬ್ಬದ ಮೇಲಿಂದ ಎಲ್ಲೋ ಹಾರಿಹೋಗಿದೆ ಎಂದುಕೊಂಡ. ಬೇರೆ ಏನನ್ನಾದರೂ ಯೋಚಿಸಲು ಅವನ ಕಿವಿಗೆ ಏನೂ ಬಿದ್ದಿರಲಿಲ್ಲ. ಹಬ್ಬದ ಮುನ್ನಾದಿನ, ಅದೂ ತಮ್ಮನ ಎದುರಿಗೆ, ನಿನ್ನ ಗುರಿ ತಪ್ಪಿತು ಎಂದು ಗೆಳೆಯನಿಗೆ ಹೇಗೆ ಹೇಳುವುದು?

'ಅದೇ ತೂತು!' ಎಂದು ಕೂಗಿದ. 'ಒಂದೇ ತೂತಿನಲ್ಲಿ ಎರಡೂ ಹೋಗಿದೆ ಮಾರಾಯ!'

ಎತ್ತುತ್ತಿದ್ದ ಕೋವಿ ಅಲ್ಲೇ ನಿಂತಿತು. ಆಮೇಲೆ ಕೆಳಗಿಳಿಯಿತು.

ರೈತ ನಕ್ಕ. 'ಕೇಳಿದೆಯಾ? ಒಳ್ಳೇ ಗುಂಡಿಗೆ ಸದ್ದು ಯಾಕೋ ಬೇಕು? ತಗೋ, ಈಗ ನೀನು ಹೊಡಿ' ಎಂದ.

ಹೊಸ ತೋಟಾವನ್ನು ತಾನೇ ಹಾಕಿದ. ಕೋವಿ ಮುಚ್ಚಿ ತಮ್ಮನ ಕೈಗೆ ಕೊಟ್ಟ. ಹಿಡಿಯನ್ನು ಅವನ ಭುಜಕ್ಕೆ ತಾನೇ ಆನಿಸಿದ. 'ಕೆನ್ನೆ ಒತ್ತಿ ಹಿಡಿ' ಎಂದು ತಮ್ಮನ ತಲೆಯನ್ನು ತನ್ನ ಕೈಯಿಂದಲೇ ಕೋವಿಯ ಹತ್ತಿರಕ್ಕೆ ಬಾಗಿಸಿದ. ಈ ತೋಟಾದಲ್ಲಿ ಮದ್ದು ತುಂಬಿತ್ತು.

ತಮ್ಮ ಹೊಡೆದ.

ನಳಿಗೆ ಅವನ ಮುಖದ ಹತ್ತಿರವೇ ಸೀಳಿತು. ಅವನು ಕೂಗಲಿಲ್ಲ. ಕೂಗಲು ಅವನಲ್ಲಿ ಉಸಿರು ಉಳಿದಿರಲಿಲ್ಲ. ಅಣ್ಣನ ಒಂದು ಕೈ ಇನ್ನೂ ಅವನ ಬೆನ್ನ ಮೇಲೆಯೇ ಇತ್ತು. ಆ ಕೈಯ ಕೆಳಗಿಂದಲೇ ಅವನು ಕುಸಿದ.

ಮರಿದೇವ ಬಾಯಿಗೆ ಕೈ ಅಡ್ಡ ಹಿಡಿದ. ಗುರುಗಳ ಬೆರಳುಗಳೂ ಬತ್ತಿ ಹೊಸೆಯುವುದನ್ನು ನಿಲ್ಲಿಸಿದ್ದವು.

"ಸ್ವಲ್ಪ ತಾಳು" ಎಂದರು. ಆಮೇಲೆ ಮುಂದುವರಿಸಿದರು.

ವ್ಯಾಪಾರಿ ಓಡಿ ಬಂದ. ನೋಡಿದ. ಸಿಡಿದು ಬಿದ್ದ ನಳಿಗೆಯ ತುಂಡಿನಲ್ಲಿ ಸೀಸ ಮೆತ್ತಿಕೊಂಡಿರುವುದು ಅವನಿಗೂ ಕಂಡಿತು. ಮಂಡಿ ಊರಿ ಕುಳಿತುಬಿಟ್ಟ.

'ಒಂದೇ ತೂತಿತ್ತು' ಎಂದ. 'ಇನ್ನೊಂದು ಇರಲೇ ಇಲ್ಲ. ನಾನು ಸುಳ್ಳು ಹೇಳಿದೆ.'

ರೈತ ಅವನ ಕಡೆ ನೋಡಿದ.

ನೆರೆಯವರು ಕೂಡಿದರು. ಅವರಲ್ಲೊಬ್ಬ ತನ್ನ ಕೋವಿ ತಂದು, ಗದ್ದೆಯ ಬದುವಿನ ಮೇಲೆ ನಿಂತು, ಕಟ್ಟಳೆಯಂತೆ ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸಿದ.

ಮೇಲೆ ಮನೆಯಲ್ಲಿ ತಾಯಿ ಹಬ್ಬದ ಅಡಿಗೆಗೆ ಅಕ್ಕಿ ಕುಟ್ಟುತ್ತಿದ್ದಳು. ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಹೇಳಲು ಹೊರಟವರು ದಾರಿಯಲ್ಲೇ ನಿಂತಿದ್ದರು. ಎರಡು ಗುಂಡಿನ ಸದ್ದು ಅವಳಿಗೂ ಕೇಳಿಸಿತು. ಬೇರೆ ಯಾವ ದಿನವಾದರೂ ಅವಳು ಒನಕೆ ಬಿಟ್ಟು ಅಂಗಳಕ್ಕೆ ಬರುತ್ತಿದ್ದಳು. ಆದರೆ ಸದ್ದು ಬಂದದ್ದು ತನ್ನ ಗದ್ದೆಯಿಂದ. ಅಲ್ಲಿ ತನ್ನ ಮಕ್ಕಳು ಗುಂಡು ಹೊಡೆದು ನೋಡುತ್ತಿದ್ದಾರೆ ಎಂಬುದು ಅವಳಿಗೆ ಗೊತ್ತಿತ್ತು.

'ಇವರ ಆಟ ಇನ್ನೂ ಮುಗೀಲಿಲ್ಲ' ಎಂದಳು. 'ಇವತ್ತು ಚಿಕ್ಕವನ ಭುಜಕ್ಕೂ ಎಣ್ಣೆ ಬೇಕಾಗುತ್ತೆ.'

ಸುತ್ತಲಿನ ಊರುಗಳಲ್ಲಿ ಜನ ಕೆಲಸ ಬಿಟ್ಟು ಹೊರಟಿದ್ದರು. ಅವಳು ಒಲೆಯ ಮೇಲೆ ಎಣ್ಣೆ ಇಟ್ಟಳು.

ಮರಿದೇವನ ಕಣ್ಣು ತುಂಬಿತ್ತು. ಗುರುಗಳು ಅವನ ಕಡೆ ನೋಡಲಿಲ್ಲ.

ಊರು ವ್ಯಾಪಾರಿಯ ಮೇಲೆ ತಿರುಗಿಬಿತ್ತು. ಅವನು ಒಂದು ಮಾತೂ ತಡೆಯಲಿಲ್ಲ. ಕೇಳಿದವರಿಗೆಲ್ಲ, ಕೇಳದವರಿಗೂ, ನಾನೇ ಕೊಂದೆ ಎಂದು ಹೇಳುತ್ತ ತಿರುಗಿದ. ಅವನ ಅಂಗಡಿಗೆ ಯಾರೂ ಹೋಗಲಿಲ್ಲ. ಅವನು ಎದುರು ಬಂದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಂಡರು. ಮುಂದಿನ ಹಬ್ಬದ ಹೊತ್ತಿಗೆ ಅವನು ಊರು ಬಿಟ್ಟಿದ್ದ. ಎಲ್ಲಿಗೆ ಹೋದನೋ ಯಾರೂ ವಿಚಾರಿಸಲಿಲ್ಲ.

ರೈತ ಗುಂಡಿನ ಅಚ್ಚನ್ನು ಹೊಳೆಗೆ ಎಸೆದ. ಜನ ಅವನಿಗಾಗಿ ಮರುಗಿದರು. ಸುಳ್ಳುಗಾರ ಗೆಳೆಯನನ್ನು ನಂಬಿ ಕೆಟ್ಟ ಎಂದರು. ಅವನು ಬಹಳ ಕಾಲ ಬದುಕಿದ. ಅವನ ಎದುರಿಗೆ ಯಾರಾದರೂ ವ್ಯಾಪಾರಿಯನ್ನು ಶಪಿಸಿದರೆ ತಲೆ ತಗ್ಗಿಸಿ ಕೇಳುತ್ತಿದ್ದ. ಶಪಿಸಬೇಡಿ ಎಂದು ಒಂದು ಸಲವೂ ಹೇಳಲಿಲ್ಲ.

ಕತೆ ಮುಗಿಯಿತು. ಗುರುಗಳು ಹೊಸೆದ ಬತ್ತಿಗಳನ್ನು ಒಟ್ಟುಮಾಡಿ ಬುಟ್ಟಿಗೆ ಹಾಕಿದರು.

ಮರಿದೇವ ಕಣ್ಣೊರೆಸಿಕೊಂಡ. "ತಿಳಿಯಿತು ಗುರುಗಳೇ. ಹೊಗಳುವವರನ್ನು ನಂಬಬಾರದು. ಆ ವ್ಯಾಪಾರಿ ಕಂಡದ್ದನ್ನು ಕಂಡಂತೆ ಹೇಳಿದ್ದರೆ ಆ ಹುಡುಗ ಉಳಿಯುತ್ತಿದ್ದ. ಕೊಂದವನು ಅವನೇ" ಎಂದ.

ಗುರುಗಳು ಆಗ ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದರು.

"ವ್ಯಾಪಾರಿ ಹಲಗೆಯನ್ನಷ್ಟೇ ಕಂಡಿದ್ದ, ತಮ್ಮ ಸದ್ದನ್ನಷ್ಟೇ ಕೇಳಿದ್ದ, ಎರಡನೆಯ ಸಲ ಕೋವಿ ಒದೆಯಲೇ ಇಲ್ಲ ಎಂಬುದು ಯಾರ ಭುಜಕ್ಕೆ ಗೊತ್ತಿತ್ತು, ಮರಿ?"