ಗಾಲಿ ನೋಡಿ ತಗೋ

ಮಕ್ಕಳೇ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಹೇಳಿ ನನಗೆ ರೂಢಿಯಿಲ್ಲ. ಒಂದು ಮಾತಿನಲ್ಲಿ ಮುಗಿಯುವುದಕ್ಕೆ ನಾಲ್ಕು ಮಾತು ಹೇಳುತ್ತೇನೆ. ಆದರೆ ಕಥೆ ಒಳ್ಳೆಯದು, ಕೆಟ್ಟದಾಗಿ ಹೇಳಿದರೂ ಕೆಡಲಾರದು ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ವಿಜಯಪುರದ ಕಡೆ ಒಂದು ಊರು. ಅಲ್ಲಿ ದಾನವ್ವ ಎಂಬ ಹದಿನೇಳು ವರ್ಷದ ಹುಡುಗಿ ಸೈಕಲ್ ರೇಸಿಗೆ ತಯಾರಾಗುತ್ತಿದ್ದಳು. ಕಡ್ಡಿಯಂಥ ಹುಡುಗಿ, ಆದರೆ ಕಾಲಿನಲ್ಲಿ ಬಲವಿತ್ತು. ರಾಜ್ಯದ ತಂಡಕ್ಕೆ ಮೂವರನ್ನು ಆರಿಸುವ ಓಟ ಭಾನುವಾರ ಬೆಳಿಗ್ಗೆ ಇತ್ತು. ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಒಬ್ಬೊಬ್ಬರೇ ಹೊರಟು ಇಪ್ಪತ್ತು ಕಿಲೋಮೀಟರ್ ಹೊಡೆಯಬೇಕು, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಮೇಲೆ. ಹಿಂದಿನ ವರ್ಷ ದಾನವ್ವನಿಗೆ ನಾಲ್ಕೇ ಸೆಕೆಂಡಿನಲ್ಲಿ ಜಾಗ ತಪ್ಪಿತ್ತು. ಮುಂದಿನ ವರ್ಷ ಅವಳ ವಯಸ್ಸು ಆ ಗುಂಪಿಗೆ ಮೀರುತ್ತಿತ್ತು. ಅಂದರೆ ಇದೇ ಕೊನೆಯ ಸಲ.

ಊರಿನ ಸೈಕಲ್ ಸಂಘದಲ್ಲಿ ರೇಸಿನ ಗಾಲಿ ಎರಡು ಜೊತೆ ಇದ್ದವು. (ನಮ್ಮ ಕಡೆ ಚಕ್ರಕ್ಕೆ ಗಾಲಿ ಎನ್ನುತ್ತೇವೆ. ಇದನ್ನು ನೆನಪಿಡಿ.) ಬೇರೆ ಹುಡುಗಿಯರ ಹತ್ತಿರ ಸ್ವಂತದ್ದು ಇದ್ದುದರಿಂದ ಎರಡರಲ್ಲಿ ಬೇಕಾದ್ದನ್ನು ಆರಿಸುವ ಅವಕಾಶ ದಾನವ್ವನಿಗೆ ಸಿಕ್ಕಿತು. ಒಂದು ಜೊತೆ ತೆಳು ರಿಮ್ಮಿನದು. ರಿಮ್ ಎಂದರೆ ಟೈರು ಕೂರುವ ಬಳೆ. ಎತ್ತಿದರೆ ಹೂವಿನ ಹಾಗೆ ಹಗುರ. ಇನ್ನೊಂದು ನಾಲ್ಕು ಬೆರಳು ಅಗಲದ ರಿಮ್ಮಿನದು. ತುಸು ತೂಕ ಹೆಚ್ಚು, ಆದರೆ ಎದುರು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಕಪ್ಪಗೆ ಮಿರಮಿರ ಮಿಂಚುತ್ತಿತ್ತು.

ದಾನವ್ವ ದಸ್ತಗೀರ ಕಾಕಾನ ಅಂಗಡಿಗೆ ಹೋದಳು. ಮೂವತ್ತು ವರ್ಷದಿಂದ ಆ ಊರಿನ ಗಾಲಿಗಳ ಡೊಂಕು ತೆಗೆದವನು ಆತ. ಗಾಲಿಯ ಕಡ್ಡಿ ಬಿಗಿಯುವ ಸಣ್ಣ ಹಿತ್ತಾಳೆ ನಟ್ಟುಗಳನ್ನು ಕೆಲಸದ ಹೊತ್ತಿನಲ್ಲಿ ತುಟಿಯ ನಡುವೆ ಇಟ್ಟುಕೊಳ್ಳುವುದು ಆತನ ಪದ್ಧತಿ. ಕೈಗೆ ಬೇಗ ಸಿಗುತ್ತವೆ, ನೋಡಿ, ಅದಕ್ಕೆ.

"ಕಾಕಾ, ಯಾವ್ದು ತಗೊಳ್ಲಿ?"

ಕಾಕಾ ತಲೆ ಎತ್ತದೆ, ನಟ್ಟುಗಳ ಸಂದಿಯಿಂದ ಹೇಳಿದ: "ಗಾಲಿ ನೋಡಿ ತಗೋ, ಯವ್ವಾ."

ದಾನವ್ವನಿಗೆ ನಗು ಬಂತು. ಗಾಲಿ ನೋಡದೆ ಮತ್ತೇನು ನೋಡಿ ತಗೊಳ್ಳುವುದು! ಅವಳು ಎರಡನ್ನೂ ಚೆನ್ನಾಗಿ ನೋಡಿದಳು. ನೋಡಿದಷ್ಟೂ ಕಪ್ಪು ಗಾಲಿಯೇ ಕಣ್ಣು ತುಂಬಿತು. ಎಲ್ಲರಿಗಿಂತ ಜೋರಾಗಿ ಹೊಡೆಯುವ ಅಂಕಿತಾಳ ಸೈಕಲ್ಲಿಗೂ ಅಂಥದ್ದೇ ಇತ್ತು. ದಾನವ್ವ ಅದನ್ನೇ ಹಾಕಿಸಿಕೊಂಡಳು.

ಶನಿವಾರ ಮಧ್ಯಾಹ್ನ ರೇಸಿನ ದಾರಿಯಲ್ಲಿ ಹೊಡೆದು ನೋಡಿದಳು. ಬೇವಿನ ಸಾಲಿನ ನಡುವೆ ಸೈಕಲ್ಲು ಬಾಣದಂತೆ ಓಡಿತು. ಗಾಲಿ ಗುಂಯ್ ಎಂದು ಹಾಡಿತು. ಮರಗಳು ಮುಗಿದ ಮೇಲೆ ಕೆರೆ ಏರಿ. ಅದು ಆಷಾಢ. ಆಷಾಢದ ಗಾಳಿ ಹೇಗಿರುತ್ತದೆಂದು ನಿಮಗೆ ಗೊತ್ತು. ಏರಿಯ ಮೇಲೆ ಅದು ಎದುರಿನಿಂದ ಬರಲಿಲ್ಲ, ಪಕ್ಕದಿಂದ ಬಂತು. ಮುಂದಿನ ಗಾಲಿಯನ್ನು ಹಿಡಿದು ಒಂದೇ ಸಲ ತಿರುಗಿಸಿತು. ದಾನವ್ವ ಜಾಲಿ ಮುಳ್ಳಿನ ಕಂಟಿಯೊಳಗಿದ್ದಳು.

ಮೊಣಕೈ ತರಚಿಕೊಂಡು, ಅಳು ನುಂಗಿಕೊಂಡು ಅಂಗಡಿಗೆ ಬಂದಳು.

"ನೀವs ಹೇಳಿದ್ರಿ ಕಾಕಾ, ಗಾಲಿ ನೋಡಿ ತಗೋ ಅಂತ! ಇಷ್ಟ್ ಚೆಂದನ ಗಾಲಿ ಮಣ್ಣ ಮುಕ್ಕಿಸ್ತು ನೋಡ್ರಿ!"

ಕಾಕಾ ನಟ್ಟುಗಳನ್ನು ಅಂಗೈಗೆ ಉಗಿದ. "ಗಾಲಿ ಅಲ್ಲ ಯವ್ವಾ, ಗಾಳಿ! ಗಾಳಿ ನೋಡಿ ತಗೋ ಅಂದಿದ್ದೆ."

ಬಾಯಿ ತುಂಬಿದ್ದಾಗ ನಾಲಿಗೆ ಮಡಚುವುದಿಲ್ಲ, ಹಾಗಾಗಿ ಳ ಹೋಗಿ ಲ ಆಗಿತ್ತು. ಕಾಕಾನ ಮುಖ ಸಣ್ಣದಾಯಿತು. "ತಪ್ಪು ನಂದು. ಸುಡ್ಲಿ ಈ ಬಾಯಿ. ಬಾ, ಮೊದ್ಲ ಕೈ ತೊಳಿ."

ಆಮೇಲೆ ಮೂಲೆಯಲ್ಲಿದ್ದ ಮೊರ ತೋರಿಸಿ ಹೇಳಿದ: "ಇದರ ಅಂಚು ಗಾಳಿಗೆ ಹಿಡಿದ್ರ ಸೀಳ್ಕೊಂಡು ಹೋಗ್ತದ. ಬೆನ್ನು ಹಿಡಿದ್ರ ಗಾಳಿ ನಿನ್ನನ್ನs ಎಳ್ಕೊಂಡು ಹೋಗ್ತದ. ಅಗಲ ರಿಮ್ಮೂ ಹಂಗ. ಅಂಕಿತಾ ಗಟ್ಟಿ ಆಳು, ಹಿಡಿದು ನಿಂದರ್ತಾಳ. ನೀನು ಜ್ವಾಳದ ದಂಟು."

"ಹಂಗಾರ ಎರಡೂ ಬಿಚ್ರಿ. ತೆಳು ಜೊತೀನs ಹಾಕ್ರಿ. ಇದರ ಮಾರಿ ನೋಡೂದಿಲ್ಲ ನಾ."

ಕಾಕಾ ನಟ್ಟು ಬಿಚ್ಚುವ ಪಾನಾ ಎತ್ತಲಿಲ್ಲ. "ಗಾಳಿ ಯಾವ ಗಾಲಿ ಹಿಡಿದು ತಿರುವಿತು?"

"ಮುಂದಿಂದು."

"ಹಿಂದಿಂದು ಏನ್ ಮಾಡ್ತು?"

ದಾನವ್ವ ನೆನಪಿಸಿಕೊಂಡಳು. "ಏನೂ ಮಾಡ್ಲಿಲ್ಲ. ಸುಮ್ನ ಹಿಂದ ಬರ್ಲಿಕತ್ತಿತ್ತು."

"ಮತ್ತ ಅದಕ್ಯಾಕ ಶಿಕ್ಷೆ?"

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮುಂದಿನ ಗಾಲಿ ಹ್ಯಾಂಡಲ್ಲಿನ ಜೊತೆ ತಿರುಗುತ್ತದೆ. ಅದಕ್ಕೇ ಗಾಳಿಯ ಆಟ ಅದರ ಮೇಲೆ ಹೆಚ್ಚು. ಹಿಂದಿನದು ಹಾಗೆ ಎಡಬಲಕ್ಕೆ ಹೊರಳುವುದಿಲ್ಲ, ಮೇಲೆ ಕೂತವರ ಭಾರವೂ ಅದರ ಮೇಲೆಯೇ ಹೆಚ್ಚು. ದಾನವ್ವ ಬಹಳ ಹೊತ್ತು ಯೋಚಿಸಿದಳು. ಬೇವಿನ ಸಾಲಿನಲ್ಲಿ ಹಾರಿದ್ದೂ ನೆನಪಾಯಿತು, ಜಾಲಿ ಮುಳ್ಳೂ ನೆನಪಾಯಿತು. ಕೊನೆಗೆ ಅಂದಳು: "ಮುಂದ ತೆಳುವು, ಹಿಂದ ಅಗಲ. ಹಾಕ್ರಿ ಕಾಕಾ."

ಭಾನುವಾರ ಬೆಳಿಗ್ಗೆ ಅವಳ ಸೈಕಲ್ಲು ನೋಡಿ ಹುಡುಗಿಯರು ಕಿಸಕ್ಕೆಂದರು. ಅಂಕಿತಾ ಕೂಗಿಯೇ ಹೇಳಿದಳು: "ಏನs ದಾನವ್ವ, ಎತ್ತು ಕೋಣ ಕೂಡಿ ಹೂಡಿಯಲ್ಲ! ಎತ್ತು ಏರಿಗೆ ಎಳದ್ರ ಕೋಣ ನೀರಿಗೆ ಎಳೀತದ. ಕೆರ್ಯಾಗ ಬಿದ್ದಿ, ಜ್ವಾಕಿ!"

"ಬಿದ್ರ ಈಜಿ ಬಂದು ನಿನ್ನ ಮುಂದ ಹೋಗ್ತೀನಿ, ತಗೋ," ಎಂದಳು ದಾನವ್ವ. ಬಾಯಿ ಹಾಗೆ ಅಂದರೂ, ಮುಂದಿನ ಗಾಲಿಯನ್ನು ಇನ್ನೊಮ್ಮೆ ಅಲುಗಿಸಿ ನೋಡಿಕೊಂಡಳು.

ಸೀಟಿ ಊದಿದರು. ಬೇವಿನ ಸಾಲು ಹಿಂದೆ ಹೋಯಿತು. ಏರಿ ಬಂತು. ಗಾಳಿಯೂ ಬಂತು. ನಿನ್ನೆಯದಕ್ಕಿಂತ ಜೋರಾಗಿಯೇ ಬಂತು. ಸೈಕಲ್ಲು ಒಮ್ಮೆ ತೊನೆಯಿತು. ದಾನವ್ವ ಹ್ಯಾಂಡಲ್ಲನ್ನು ಹಿಚುಕಲಿಲ್ಲ, ಹಗುರವಾಗಿ ಹಿಡಿದಳು, ಬೆನ್ನು ಬಾಗಿಸಿಕೊಂಡೇ ತುಳಿದಳು. ಅವಳಿಗಿಂತ ಮುಂಚೆ ಹೊರಟ ಇಬ್ಬರು ಅಗಲ ಗಾಲಿಯವರು ಅಲ್ಲೇ ಬ್ರೇಕ್ ಹಿಡಿದು, ಹೆದರಿ, ನೆಟ್ಟಗೆ ಕೂತು ನಿಧಾನ ಹೋಗುತ್ತಿದ್ದರು. ಅವರನ್ನು ದಾಟಿದಳು.

ಹಲಗೆಯ ಮೇಲೆ ಹೆಸರು ಬರೆದರು. ಮೊದಲು ಅಂಕಿತಾ. ಅವಳ ಮೈಗೆ ಅವಳ ಗಾಲಿ ಸರಿಯಾಗಿಯೇ ಇತ್ತು. ಎರಡನೆಯವಳು ಪಕ್ಕದ ತಾಲೂಕಿನವಳು. ಮೂರನೆಯ ಹೆಸರನ್ನು ದಾನವ್ವ ತಾನೇ ಮೂರು ಸಲ ಓದಿಕೊಂಡಳು.

ಅಂಕಿತಾ ಹತ್ತಿರ ಬಂದು, ಕುಕ್ಕರಗಾಲಿನಲ್ಲಿ ಕೂತು, ಆ ಎರಡು ಬಗೆಯ ಗಾಲಿಗಳನ್ನು ನೋಡಿದಳು. ಈ ಸಲ ನಗಲಿಲ್ಲ. "ಏರಿ ಮ್ಯಾಲ ನನಗೂ ಜೀವ ಬಾಯಿಗೆ ಬಂದಿತ್ತವಾ," ಎಂದಳು. "ಇದನ್ನ ಯಾರು ಹೇಳಿದ್ರು ನಿನಗ?"

"ಗಾಳಿ," ಎಂದಳು ದಾನವ್ವ.

ನೀತಿ: ಯಾವುದು ಒಳ್ಳೆಯದು ಎಂದು ಕೇಳುವ ಮೊದಲು, ಯಾರಿಗೆ ಮತ್ತು ಎಲ್ಲಿಗೆ ಎಂದು ಕೇಳಿಕೊಳ್ಳಬೇಕು. ಒಂದು ಕೈಕೊಟ್ಟಿತೆಂದು ಅದರ ಜೊತೆಯದನ್ನೂ ಎಸೆಯಬಾರದು.

ಇದು ಸೈಕಲ್ಲಿಗೆ ಮಾತ್ರ ಹೇಳಿದ್ದಲ್ಲ, ಮಕ್ಕಳೇ. ಉದಾಹರಣೆಗೆ ಚಪ್ಪಲಿಯನ್ನೇ ತೆಗೆದುಕೊಳ್ಳಿ. ಅಣ್ಣನ ಚಪ್ಪಲಿ ಎಷ್ಟೇ ಚೆಂದವಿರಲಿ, ನಿಮ್ಮ ಕಾಲಿಗೆ ಅದು… ತಡೆಯಿರಿ, ಒಳಗಿನಿಂದ ಕೂಗುತ್ತಿದ್ದಾರೆ, ಹಾಲು ಉಕ್ಕುತ್ತಿದೆಯಂತೆ. ಬಂದೆ, ಬಂದೆ! ಅಂದರೆ, ಚಪ್ಪಲಿಯ ವಿಷಯ ಏನೆಂದರೆ…